ಇಷ್ಟೆಲ್ಲ ಕೆಲಸವನ್ನು ಹೇಗೆ ನಿಭಾಯಿಸುತ್ತೀರಿ ಮೇಡಂ?

ಹೊಸದಾಗಿ ಸರ್ಕಾರಿ ಪ್ರಾಥಮಿಕ ಶಾಲೆಗೆ ಸೇರಿದವರು, ಅದರಲ್ಲೂ ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಪ್ರಭಾರ ಮುಖ್ಯ ಶಿಕ್ಷಕರ ಹೊಣೆ ಹೊತ್ತವರು, ತರಬೇತಿಗಳಲ್ಲಿ ಸಿಕ್ಕಾಗಲೆಲ್ಲ ನನ್ನನ್ನು ಕೇಳುವುದು ಇದನ್ನೇ: "ಬಾಕಿ ಕೆಲಸಗಳನ್ನು ನೆನೆಸಿಕೊಂಡರೆ ಎದೆ ಹೊಡೆದುಕೊಳ್ಳುತ್ತದೆ, ಯಾವುದನ್ನೂ ಶುರು ಮಾಡಲು ಆಗುವುದಿಲ್ಲ. ನೀವು ಹೇಗೆ ನಿಭಾಯಿಸುತ್ತೀರಿ ಮೇಡಂ?"

ಅವರ ಮಾತಿನಲ್ಲಿ ಉತ್ಪ್ರೇಕ್ಷೆಯಿಲ್ಲ. ಬೆಳಿಗ್ಗೆ ಮಕ್ಕಳಿಗೆ ಹಾಲು ಕೊಡಿಸಿ, ಬಿಸಿಯೂಟದ ಅಕ್ಕಿ, ಬೇಳೆ ಅಳೆದುಕೊಟ್ಟು, ದಾಸ್ತಾನು ವಹಿಯಲ್ಲಿ ಬರೆದು, ನಲಿ-ಕಲಿ ಕೊಠಡಿಯಲ್ಲಿ ಮೂರು ತರಗತಿಗಳ ಮಕ್ಕಳನ್ನು ಒಟ್ಟಿಗೆ ಕೂರಿಸಿಕೊಳ್ಳುವಷ್ಟರಲ್ಲಿ, "ಅತಿ ತುರ್ತು, ಇಂದೇ ಸಲ್ಲಿಸುವುದು" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಬಂದು ಕುಳಿತಿರುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆಗಳನ್ನು ಬಿಟ್ಟು ಉಳಿದ ಶಿಕ್ಷಣೇತರ ಕೆಲಸಗಳಿಗೆ ಶಿಕ್ಷಕರನ್ನು ನಿಯೋಜಿಸಬಾರದು ಎನ್ನುತ್ತದೆಯಾದರೂ, ಶಾಲೆಯೊಳಗೇ ಹುಟ್ಟುವ ವಹಿ, ವರದಿಗಳ ಹೊರೆ ಅದರಿಂದ ಇಳಿದಿಲ್ಲ. ಆದ್ದರಿಂದ ಈ ಒತ್ತಡವನ್ನು ನಿಮ್ಮ ಅಸಾಮರ್ಥ್ಯವೆಂದು ದಯವಿಟ್ಟು ತಿಳಿಯಬೇಡಿ.

ನನ್ನ ಉತ್ತರವಿಷ್ಟೆ: ಇಂದು ಯಾವ ಕೆಲಸ ಆಗುವುದಿಲ್ಲ ಎಂಬುದನ್ನು ಬೆಳಿಗ್ಗೆಯೇ ತೀರ್ಮಾನಿಸಿ, ಅದನ್ನು ಸಂಬಂಧಪಟ್ಟವರಿಗೆ ತಿಳಿಸಿಬಿಡಿ.

ಅದಕ್ಕೆ ಮೊದಲು ಬಾಕಿ ಕೆಲಸಗಳನ್ನೆಲ್ಲ ಪಟ್ಟಿ ಮಾಡಿ ಬರೆಯಬೇಕು. ಮಾಡದೆ ಉಳಿದ ಕೆಲಸ ಮನಸ್ಸನ್ನು ಮತ್ತೆ ಮತ್ತೆ ಎಳೆಯುತ್ತದೆ, ಆದರೆ ಅದನ್ನು ಯಾವಾಗ, ಹೇಗೆ ಮಾಡುವುದೆಂದು ಖಚಿತವಾಗಿ ಯೋಜಿಸಿದರೆ, ಕೆಲಸ ಮುಗಿಯದಿದ್ದರೂ ಆ ಎಳೆತ ತಗ್ಗುತ್ತದೆ ಎಂಬುದನ್ನು ಮನೋವಿಜ್ಞಾನಿಗಳಾದ ಮ್ಯಾಸಿಕ್ಯಾಂಪೋ ಮತ್ತು ಬೌಮೈಸ್ಟರ್ 2011ರಲ್ಲಿ ಪ್ರಕಟಿಸಿದ ಪ್ರಯೋಗಗಳು ತೋರಿಸಿವೆ. ಹಾಗಾಗಿ ನನ್ನ ಟಿಪ್ಪಣಿ ಪುಸ್ತಕದಲ್ಲಿ "ಆಧಾರ್ ತಿದ್ದುಪಡಿ" ಎಂದಷ್ಟೇ ಬರೆಯುವುದಿಲ್ಲ. "ಗುರುವಾರ ಊಟದ ಬಿಡುವಿನ ನಂತರ, ನಾಲ್ಕನೇ ತರಗತಿಯವರ ಆಧಾರ್ ಹೆಸರನ್ನು ದಾಖಲಾತಿ ವಹಿಯ ಹೆಸರಿನೊಂದಿಗೆ ತಾಳೆ ನೋಡುವುದು, ವ್ಯತ್ಯಾಸವಿದ್ದರೆ ಪೋಷಕರಿಗೆ ಹೇಳಿ ಕಳುಹಿಸುವುದು" ಎಂದು ಬರೆಯುತ್ತೇನೆ. ಇಷ್ಟು ಬಿಡಿಸಿ ಬರೆದಾಗ, ಬೆಟ್ಟದಂತೆ ಕಾಣುತ್ತಿದ್ದ ಕೆಲಸ ಮುಕ್ಕಾಲು ಗಂಟೆಯದೆಂದು ಗೊತ್ತಾಗುತ್ತದೆ. ಕೆಲವೊಮ್ಮೆ ಅದು ನಿಜಕ್ಕೂ ಎರಡು ದಿನದ್ದೆಂದೂ ಗೊತ್ತಾಗುತ್ತದೆ. ಅದು ತಿಳಿಯುವುದೂ ಅಷ್ಟೇ ಮುಖ್ಯ.

ಎರಡು ವರದಿಗಳು ಒಂದೇ ಸಂಜೆಗೆ ಬೇಕೆಂದಾಗ ನಾನು ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿಯವರಿಗೆ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ನೇರವಾಗಿ ಫೋನ್ ಮಾಡುತ್ತೇನೆ: "ಸರ್, ಇವತ್ತು ಒಂದು ಮಾತ್ರ ಆಗುತ್ತದೆ, ಯಾವುದನ್ನು ಮೊದಲು ಕಳುಹಿಸಲಿ?" ಕಿರಿಯರು ಹೀಗೆ ಕೇಳಲು ಅಂಜುತ್ತಾರೆ. ಆದರೆ ಆದ್ಯತೆ ನಿರ್ಧರಿಸುವುದು ಮಾಹಿತಿ ಕೇಳಿದವರ ಕೆಲಸವೂ ಹೌದು, ಮತ್ತು ಸಾಮಾನ್ಯವಾಗಿ ಅವರು ಒಂದನ್ನು ನಾಳೆಗೆ ಬಿಡುತ್ತಾರೆ. ಪಾಠದ ಅವಧಿಯಲ್ಲಂತೂ ನಾನು ಫೋನ್ ತೆಗೆಯುವುದಿಲ್ಲ. ಮಕ್ಕಳ ಸಮಯವನ್ನು ಕೊಟ್ಟು ಕೊಳ್ಳಬೇಕಾದಷ್ಟು ತುರ್ತಿನ ವರದಿಯನ್ನು ನಾನಂತೂ ಕಂಡಿಲ್ಲ.

ಎದೆ ಹೊಡೆದುಕೊಳ್ಳುವ ಹೊತ್ತಿನಲ್ಲಿ ಉಸಿರನ್ನು ಒಳಗೆ ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಬಿಟ್ಟರೆ ನಾಡಿ ತುಸು ಇಳಿಯುತ್ತದೆ. ಆಮೇಲೆ ಪಟ್ಟಿಗೆ ಕೈಹಾಕಬಹುದು. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಶಾಲೆಯ ಹಾದಿ ಹಿಡಿದರೇ ಅಳು ಬರುವಂತಿದ್ದರೆ, ಪಟ್ಟಿ ಸಾಲದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.