ಮುಂಬಯಿ ಮಾಟುಂಗದ ಗ್ಯಾಲರಿಯಲ್ಲಿ (ಬಾಲ್ಕನಿಯಲ್ಲಿ) ನೀಲಿ ಅಚ್ಚು: ಮೊದಲ 12 ಹಾಳೆ

ಕೀಬೋರ್ಡಿಗೆ ಒಗ್ಗಿದ ಕೈಗೆ ದ್ರಾವಣ, ಬ್ರಷ್ಷು, ಬಿಸಿಲು ಎಲ್ಲವೂ ಹೊಸತು. ಸಯನೋಟೈಪ್ ಆರಿಸಿದ್ದು ಅದಕ್ಕೇ: ದ್ರಾವಣ ಬಳಿದ ಕಾಗದದ ಮೇಲೆ ವಸ್ತುವಿಟ್ಟು ಬಿಸಿಲಿಗೆ ಒಡ್ಡಿ ತೊಳೆದರೆ, ಬೆಳಕು ಬಿದ್ದಲ್ಲಿ ನೀಲಿ, ನೆರಳಿದ್ದಲ್ಲಿ ಬಿಳಿ. 1842ರಲ್ಲಿ ಜಾನ್ ಹರ್ಷೆಲ್ ಕಂಡುಕೊಂಡ ಈ ವಿಧಾನಕ್ಕೆ ಕ್ಯಾಮೆರಾ ಬೇಡ. ದ್ರಾವಣ ಬಳಿಯಲು ಪರದೆ ಎಳೆದ ಕೋಣೆ, ಮಂದ ಹಳದಿ ಬಲ್ಬು ಸಾಕು. ಹಳೇ ಕಟ್ಟಡ ನಕ್ಷೆಗಳ ನೀಲಿಯೂ ಇದೇ.

ದ್ರಾವಣ. ಒಂದು ಕಪ್ಪು ಬಾಟಲಿಯಲ್ಲಿ ಹಸಿರು ಅಮೋನಿಯಂ ಫೆರಿಕ್ ಸಿಟ್ರೇಟ್ 12.5 ಗ್ರಾಂ, ಇನ್ನೊಂದರಲ್ಲಿ ಪೊಟ್ಯಾಸಿಯಂ ಫೆರಿಸಯನೈಡ್ 5 ಗ್ರಾಂ. ಎರಡಕ್ಕೂ ಡಿಸ್ಟಿಲ್ಡ್ ನೀರು ಸೇರಿಸಿ 50 ಮಿ.ಲೀ. ಮಾಡಬೇಕು. ಬೇರೆ ಬೇರೆಯಾಗಿದ್ದರೆ ತಿಂಗಳುಗಟ್ಟಲೆ ಇರುತ್ತವೆ, ಬೆರೆಸಿದರೆ ಅಂದೇ ಮುಗಿಸಬೇಕು. ಒಂದು ಎ5 ಹಾಳೆಗೆ ಎರಡರಿಂದಲೂ ತಲಾ 15 ಹನಿ. ಹೆಸರಲ್ಲಿ ಸಯನೈಡ್ ಇದೆಯೆಂದು ಬೆದರಬೇಕಿಲ್ಲ. ಆದರೆ ಬಚ್ಚಲು ತೊಳೆಯುವ ಆಸಿಡ್ ಹತ್ತಿರ ತರಬೇಡಿ, ಅಡುಗೆ ಪಾತ್ರೆ ಮುಟ್ಟಿಸಬೇಡಿ.

ಹಾಳೆ 1–3. ಬಿಳಿ ಹಿನ್ನೆಲೆ ತುಂಬ ಚುಕ್ಕೆ ಚುಕ್ಕೆ ನೀಲಿ. ತಪ್ಪು ಬ್ರಷ್ಷಿನ ತಗಡಿನ ಪಟ್ಟಿಯದ್ದು: ಕಬ್ಬಿಣ ದ್ರಾವಣಕ್ಕೆ ತಾಗಿದಲ್ಲೆಲ್ಲ ಬಣ್ಣ ಹುಟ್ಟುತ್ತದೆ. ಸ್ಪಂಜಿನ ಬ್ರಷ್ಷಿಗೆ ಬದಲಾಯಿಸಿದ್ದೇ ತಡ, ಚುಕ್ಕೆ ನಿಂತಿತು.

ಹಾಳೆ 4–7. ನುಗ್ಗೆಸೊಪ್ಪಿನ ಎಸಳನ್ನು ಗಾಜಿನಡಿ ಇಟ್ಟು ಬಿಸಿಲಿಗೆ. ಮುಂಬಯಿಯ ತೊಡಕು ಶುರುವಾಗುವುದು ಇಲ್ಲಿ. ಮೇ ಮಧ್ಯದಲ್ಲಿ 12:35ರ ಹೊತ್ತಿಗೆ ಸೂರ್ಯ ನೆಟ್ಟಗೆ ನೆತ್ತಿಯ ಮೇಲೆ. ಸೂರಿರುವ ಗ್ಯಾಲರಿಯೊಳಗೆ ಬಿಸಿಲೇ ಬಾರದು. ಪಡುವಣ ಗ್ಯಾಲರಿಗೆ ಮೂರರ ನಂತರ ಬರುತ್ತದೆ, ಜೊತೆಗೆ ಗ್ರಿಲ್ಲಿನ ನೆರಳೂ. ಹಾಳೆ 5ರಲ್ಲಿ ನುಗ್ಗೆಗಿಂತ ಗ್ರಿಲ್ಲೇ ಚೆನ್ನಾಗಿ ಮೂಡಿದೆ! ಸೊಸೈಟಿಯಲ್ಲಿ ಕೇಳಿ ಟೆರೇಸಿನ ಬೀಗದ ಕೈ ಪಡೆಯುವುದೇ ವಾಸಿ.

ಎಷ್ಟು ಹೊತ್ತು? ಟೆರೇಸಿನ ನಡುಹಗಲಲ್ಲಿ ಎಲೆಗೆ 6–8 ನಿಮಿಷ. ಗಡಿಯಾರಕ್ಕಿಂತ ಬಣ್ಣ ನಂಬಿ. ಹಳದಿ-ಹಸಿರು ನೀಲಿಗೆ ತಿರುಗಿದಾಗ ಆಯಿತೆನಿಸುತ್ತದೆ, ಆಗಿರುವುದಿಲ್ಲ. ಇನ್ನೂ ಮುಂದೆ ಹೋಗಿ ಬೂದಿ ಬಣ್ಣಕ್ಕೆ ಬರಬೇಕು, ಕೆಟ್ಟೇ ಹೋಯಿತು ಅನ್ನಿಸುವಷ್ಟು. ತೊಳೆದಾಗ ಬಹಳಷ್ಟು ಬಣ್ಣ ಇಳಿದುಹೋಗುತ್ತದಲ್ಲ, ಹಾಳೆ 4 ಪೇಲವವಾದದ್ದು ಹಾಗೆಯೇ.

ಹಾಳೆ 8–11. ಕನ್ನಡ ಅಕ್ಷರ. ಒಎಚ್‌ಪಿ ಹಾಳೆ, ಅಂದರೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಮೇಲೆ ಲೇಸರ್ ಮುದ್ರಣ. ಕಪ್ಪಿದ್ದಲ್ಲಿ ಬಿಳಿ ಉಳಿಯುತ್ತದೆ. ಮುದ್ರಿತ ಮಗ್ಗುಲು ಮೇಲಿದ್ದಾಗ ಹಾಳೆಯ ದಪ್ಪದೊಳಗೆ ಓರೆಯಾಗಿ ಬೆಳಕು ನುಸುಳಿ ಒತ್ತಕ್ಷರಗಳು ತುಂಬಿಹೋದವು: ‘ಲಕ್ಷ್ಮಿ’ಯ ಮಒತ್ತು ಮಾಯ. ಮುದ್ರಿತ ಮಗ್ಗುಲೇ ಕಾಗದಕ್ಕೆ ತಾಗುವಂತೆ, ಅಕ್ಷರವನ್ನು ಕನ್ನಡಿಬಿಂಬ ಮಾಡಿ ಮುದ್ರಿಸಿ, ನಾಲ್ಕು ಕಡೆ ಕ್ಲಿಪ್ ಬಿಗಿದ ಮೇಲೆ 18 ಪಾಯಿಂಟಿನ ಒತ್ತು ಸ್ಪಷ್ಟವಾಯಿತು. ಒಎಚ್‌ಪಿ ಹಾಳೆ ನೇರಳಾತೀತ ಕಿರಣವನ್ನು ಒಂದಿಷ್ಟು ತಡೆಯುವುದರಿಂದ ಸಮಯ 12 ನಿಮಿಷಕ್ಕೆ ಏರಿತು.

ತೊಳೆಯುವಾಗ ಸಾದಾ ನೀರು, ಹಳದಿ ಪೂರ್ತಿ ಹೋಗುವವರೆಗೆ. ಸೋಪು, ಸೋಡಾ ಕೂಡದು. ಕ್ಷಾರಕ್ಕೆ ಈ ನೀಲಿ ನಿಲ್ಲದು. ಕೊನೆಯ ಒಂದು ಲೀಟರ್ ನೀರಿಗೆ 3% ಹೈಡ್ರೋಜನ್ ಪೆರಾಕ್ಸೈಡ್ 10 ಮಿ.ಲೀ. ಹಾಕಿದರೆ ಗಾಢ ನೀಲಿ ತಕ್ಷಣ ಕಾಣುತ್ತದೆ. ಹಾಕದಿದ್ದರೂ ಮರುದಿನ ಅಷ್ಟೇ ಗಾಢ.

ಹಾಳೆ 12. ಜೂನ್, ಮೋಡ. ಬಳಿದ ಹಾಳೆ ರಾತ್ರಿಯಿಡೀ ತೇವದಲ್ಲಿ ಉಳಿದು, ಬಿಸಿಲು ಕಾಣುವ ಮೊದಲೇ ನೀಲಿಗಟ್ಟಿತು. ಸಿಟ್ರೇಟ್ ಬಾಟಲಿಯಲ್ಲಿ ಬೂಷ್ಟಿನ ತೆಪ್ಪ. ಹತ್ತಿಯಲ್ಲಿ ಸೋಸಿದ ಮೇಲೆ ಕೆಲಸಕ್ಕೆ ಬಂತು. ಇನ್ನು ಹೇರ್ ಡ್ರೈಯರಿನ ತಣ್ಣನೆ ಗಾಳಿಯಲ್ಲಿ ಒಣಗಿಸಿ, ಅದೇ ಗಂಟೆಯಲ್ಲಿ ಬಳಸುವುದು.