ಒತ್ತಿನೆಣೆ ಹತ್ತುವ ಮುಂಚೆ ಬಿಚ್ಚಿದ ಚೀಲ

ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ಜನವರಿಯ ಒಂದು ಬೆಳಿಗ್ಗೆ ಏಳು ಗಂಟೆಗೆ ನಾನು ಮತ್ತು ಅಕ್ಕನ ಮಗ ಅಲ್ಲಿ ಸೈಕಲ್ ನಿಲ್ಲಿಸಿ ಸುಮ್ನೆ ನಿಂತಿದ್ದೆವು. ಹಿಂದಿನ ದಿನ ಮಂಗಳೂರು ಬಿಟ್ಟು, ರಾತ್ರಿ ಕುಂದಾಪುರದಲ್ಲಿ ಉಳಿದಿದ್ದೆವು. ಹೋಗಬೇಕಾಗಿದ್ದದ್ದು ಕಾರವಾರಕ್ಕೆ. ಒಟ್ಟು ಸುಮಾರು 270 ಕಿಲೋಮೀಟರ್. ಟೆಂಟಿಲ್ಲ, ಒಲೆಯಿಲ್ಲ. ರಾತ್ರಿಗೆ ಲಾಡ್ಜು, ಹೊತ್ತು ಹೊತ್ತಿಗೆ ಹೋಟೆಲ್ ಊಟ. ಆದರೂ ನನ್ನ ಕ್ಯಾರಿಯರ್ ಮೇಲಿನ ಚೀಲಗಳು 13 ಕಿಲೋ ತೂಗುತ್ತಿದ್ದವು. ಹುಡುಗನದು ಐದೇ ಕಿಲೋ.

ನಾವುಂದ ದಾಟುವಾಗ ನನ್ನ ಹಿಂದಿನ ಚಕ್ರ ಮೆತ್ತಗಾಯಿತು. ನೋಡಿದರೆ ಕೂದಲಿನಷ್ಟು ಸಣ್ಣ ತಂತಿ. ಲಾರಿ ಟೈರು ಒಡೆದಾಗ ಅದರೊಳಗಿನ ಉಕ್ಕಿನ ಎಳೆಗಳು ರಸ್ತೆ ಅಂಚಿನಲ್ಲಿ ಬಿದ್ದಿರುತ್ತವೆ. ಸೈಕಲ್ಲಿನವರು ಹೋಗುವುದೂ ಅದೇ ಅಂಚಿನಲ್ಲಿ ಅಲ್ವಾ? ತಂತಿ ಕಿತ್ತು, ಟ್ಯೂಬಿಗೆ ತೇಪೆ ಹಾಕಿದೆ. ಆಮೇಲೆ ಗಾಳಿ ಹೊಡೆಯುವಾಗ ನಿಜವಾದ ತೊಂದರೆ ಆಯಿತು. ನನ್ನ ಕೈಪಂಪಿಗೆ ರಬ್ಬರ್ ಕೊಳವೆ ಇರಲಿಲ್ಲ. ನೇರವಾಗಿ ವಾಲ್ವಿಗೇ ಕಚ್ಚಿಸಿ ಒತ್ತಬೇಕಿತ್ತು. ಪ್ರತಿ ಒತ್ತಿಗೂ ವಾಲ್ವ್ ಅಲ್ಲಾಡಿ ಅಲ್ಲಾಡಿ ಬುಡದಲ್ಲಿ ಹರಿಯಿತು. ಅಲ್ಲಿ ಹರಿದರೆ ಯಾವ ತೇಪೆಯೂ ನಿಲ್ಲುವುದಿಲ್ಲ. ಬೇರೆ ಟ್ಯೂಬ್ ತಂದಿರಲಿಲ್ಲ. ಹೆದ್ದಾರಿ ತಾನೆ, ಎಲ್ಲಾದರೂ ಸಿಗುತ್ತದೆ ಅಂದುಕೊಂಡಿದ್ದೆ.

ಗೂಡ್ಸ್ ಆಟೋ ಹಿಡಿದು ಬೈಂದೂರಿಗೆ ಬಂದೆವು. ಸೈಕಲ್ ಅಂಗಡಿಯವರು ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿದರು. "ಇದು ಇಲ್ಲಿ ಸಿಕ್ಕುದಿಲ್ಲ ಅಕ್ಕ. ಉಡುಪಿಗೇ ಹೋಯ್ಕ್" ಅಂದರು. ಅವರಲ್ಲಿದ್ದದ್ದು ಸಾಮಾನ್ಯ ಸೈಕಲ್ಲಿನ ದಪ್ಪ ವಾಲ್ವಿನ ಟ್ಯೂಬ್. ನನ್ನದು ಸಣ್ಣ ಮೂತಿಯ ಪ್ರೆಸ್ಟಾ ವಾಲ್ವ್. ರಿಮ್ಮಿನ ತೂತೂ ಅಷ್ಟೇ ಸಣ್ಣದು, ದಪ್ಪ ವಾಲ್ವ್ ಅದರಲ್ಲಿ ತೂರುವುದೇ ಇಲ್ಲ. ರಿಮ್ ಕೊರೆಯಲೇ ಎಂದು ಕೇಳಿದರು. ನನಗೆ ಮನಸ್ಸು ಬರಲಿಲ್ಲ. ಹುಡುಗನ ಸೈಕಲ್ಲಿಗೆ ಬೈಕಿನಂಥದೇ ವಾಲ್ವ್. ಯಾವ ಪೆಟ್ರೋಲ್ ಬಂಕಿನಲ್ಲೂ ಗಾಳಿ ಸಿಗುತ್ತದೆ. ನಾನು ಬಸ್ಸಿನಲ್ಲಿ ಉಡುಪಿಗೆ ಹೋಗಿ ಎರಡು ಟ್ಯೂಬ್, ಕೊಳವೆ ಇರುವ ಪಂಪು, ಬಂಕಿನ ಗಾಳಿ ತುಂಬಿಸಲು ಹಿತ್ತಾಳೆಯ ಪುಟ್ಟ ಅಡಾಪ್ಟರ್ ಕೊಂಡು ವಾಪಸ್ ಬರುವಷ್ಟರಲ್ಲಿ ಸಂಜೆ. ಒಂದು ದಿನ ಹೋಯಿತು.

ಆ ರಾತ್ರಿ ಬೈಂದೂರಿನ ಲಾಡ್ಜಿನಲ್ಲಿ ಚೀಲ ಎರಡನ್ನೂ ಮಂಚದ ಮೇಲೆ ಸುರಿದೆ. ಹುಡುಗ ಒಂದೊಂದನ್ನೇ ಎತ್ತಿ, "ಚಿಕ್ಕಮ್ಮ, ಇದು ಯಾಕೆ?" ಅಂತ ಕೇಳುತ್ತಾ ಹೋದ. ಬೆಡ್‌ಶೀಟ್. ಲಾಡ್ಜಿನಲ್ಲಿ ಇದೆ. ನೀರು ಕಾಯಿಸುವ ಕೆಟಲ್. ಬೆಳಿಗ್ಗೆ ಐದೂವರೆಗೇ ಬಸ್ ಸ್ಟ್ಯಾಂಡ್ ಹತ್ತಿರ ಚಹಾ ಸಿಗುತ್ತದೆ. ದೊಡ್ಡ ಬಾಟಲಿ ಶಾಂಪೂ. ಸ್ಯಾಶೆ ಪ್ರತಿ ಗೂಡಂಗಡಿಯಲ್ಲೂ ನೇತಾಡುತ್ತಿರುತ್ತದೆ. ಜೀನ್ಸ್ ಪ್ಯಾಂಟು, ಇನ್ನೊಂದು ಜೊತೆ ಶೂ, ದಪ್ಪ ಪುಸ್ತಕ, ಒಂದು ಕಿಲೋ ಚಕ್ಕುಲಿ. ಚಕ್ಕುಲಿ ಮಾತ್ರ ಅವನು ಪಕ್ಕಕ್ಕೆ ಇಟ್ಟುಕೊಂಡ.

ನೋಡುತ್ತಾ ಹೋದ ಹಾಗೆ ಒಂದು ಸ್ಪಷ್ಟವಾಯಿತು. ಊರೂರಲ್ಲಿ ಸಿಗುವುದನ್ನೆಲ್ಲ ನಾನು ಹೊತ್ತಿದ್ದೆ. ಎರಡು ಊರುಗಳ ನಡುವೆ ಬೇಕಾಗುವ, ಸಣ್ಣ ಊರುಗಳಲ್ಲಿ ಸುಲಭಕ್ಕೆ ಸಿಗದ ವಸ್ತುವನ್ನೇ ಬಿಟ್ಟು ಬಂದಿದ್ದೆ. ನನ್ನ ಸೈಕಲ್ಲಿನ ಅಳತೆಯದೇ ಆದ ಟ್ಯೂಬ್, ಬ್ರೇಕ್ ಪ್ಯಾಡ್, ಗೇರ್ ಕೇಬಲ್, ಚೈನಿನ ಜೋಡಿಕೊಂಡಿ, ಅಲೆನ್ ಕೀ. ಎಲ್ಲ ಸೇರಿ ಒಂದು ಕಿಲೋ ಕೂಡ ಆಗುವುದಿಲ್ಲ. ಟೈರೇ ಸೀಳಿದರೆ ಒಳಗಿಂದ ಒತ್ತಾಗಿ ಇಡಲು ಹಳೇ ಟೈರಿನ ಅಂಗೈ ಅಗಲದ ತುಂಡನ್ನು ಅಂಗಡಿಯವರೇ ಕತ್ತರಿಸಿ ಕೊಟ್ಟಿದ್ದರು, ದುಡ್ಡು ತೆಗೆದುಕೊಳ್ಳಲಿಲ್ಲ.

ಬಟ್ಟೆಯಲ್ಲೂ ಅಷ್ಟೇ. ಓಡಿಸಲು ಎರಡು ಜೊತೆ, ಸಂಜೆಗೆ ಒಂದು ಜೊತೆ ಸಾಕು. ಕರಾವಳಿಯ ಸೆಕೆಗೆ ಹತ್ತಿ ಬಟ್ಟೆ ಒಳ್ಳೆಯದು ಅಂತ ನಾನು ನಂಬಿದ್ದೆ. ಆದರೆ ರಾತ್ರಿ ಒಗೆದ ಹತ್ತಿ ಟೀ ಶರ್ಟು ಬೆಳಿಗ್ಗೆಯೂ ತಣ್ಣಗೆ ಒದ್ದೆಯಾಗಿಯೇ ಇರುತ್ತಿತ್ತು. ಪಾಲಿಯೆಸ್ಟರ್ ಆದರೆ ಫ್ಯಾನಿನ ಕೆಳಗೆ ಒಣಗುತ್ತದೆ. ಟರ್ಕಿ ಟವೆಲ್ ಬದಲು ತೆಳುವಾದ ಬೈರಾಸು. ಮೈ ಒರೆಸಬಹುದು, ಬಿಸಿಲಿಗೆ ಕುತ್ತಿಗೆಗೆ ಸುತ್ತಬಹುದು. ಒಗೆದ ಬಟ್ಟೆಯನ್ನು ಅದರೊಳಗೆ ಸುರುಳಿ ಸುತ್ತಿ ಹಿಂಡಿದರೆ ಅರ್ಧ ನೀರು ಅಲ್ಲೇ ಹೋಗುತ್ತದೆ. ಮೂರು ಮೀಟರ್ ನೈಲಾನ್ ಹಗ್ಗ ಇದ್ದರೆ ಕಿಟಕಿಯಿಂದ ಮಂಚಕ್ಕೆ ಕಟ್ಟಿ ಒಣಹಾಕಬಹುದು. ಪ್ಯಾಡ್ ಇರುವ ಸೈಕ್ಲಿಂಗ್ ಚಡ್ಡಿಯನ್ನು ಮಾತ್ರ ದಿನಾ ಒಗೆಯಲೇಬೇಕು. ಬೆವರಿನದನ್ನೇ ಮತ್ತೆ ಹಾಕಿದರೆ ತೊಡೆಸಂದು ಹುಣ್ಣಾಗುತ್ತದೆ. ಅದಕ್ಕೇ ಒಂದು ಪುಟ್ಟ ಡಬ್ಬಿ ವ್ಯಾಸಲಿನ್ ಕೂಡ.

ಉಳಿದದ್ದು ಹೆಚ್ಚೇನಿಲ್ಲ. ಆಧಾರ್ ಕಾರ್ಡಿನ ನಾಲ್ಕು ಜೆರಾಕ್ಸ್, ಎರಡು ಕಡೆ ಹಂಚಿಟ್ಟ ನಗದು, ಓಆರ್‌ಎಸ್ ಪೊಟ್ಟಣ, ಮುಂದೆ ಹಿಂದೆ ಲೈಟು, ಚಪ್ಪಲಿ. ಸ್ಯಾನಿಟರಿ ಪ್ಯಾಡ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ ನಿಜ. ಆದರೆ ಬೇಕಾಗುವುದು ಊರು ಬರುವ ಮುಂಚೆಯೇ. ಹಾಗಾಗಿ ಎರಡು ಪ್ಯಾಡ್ ಕೈಗೆಟಕುವ ಜೇಬಿನಲ್ಲೇ ಇರಲಿ. ಒಬ್ಬಳೇ ಹೋಗುವಾಗ ನಾನು ಇನ್ನೂ ಒಂದು ಮಾಡುತ್ತೇನೆ. ಹೊರಡುವ ಮುಂಚೆಯೇ ಮುಂದಿನ ಊರಿನ ಲಾಡ್ಜಿಗೆ ಫೋನ್ ಮಾಡಿ, "ಒಬ್ಬಳೇ ಬರುತ್ತಿದ್ದೇನೆ, ಸೈಕಲ್ ಒಳಗೆ ಇಡಬೇಕು" ಅಂತ ಹೇಳಿಬಿಡುತ್ತೇನೆ. ಸುಸ್ತಾಗಿ ಹೋಗಿ ಬಾಗಿಲಲ್ಲಿ ನಿಂತು ವಾದ ಮಾಡುವ ಶಕ್ತಿ ಇರುವುದಿಲ್ಲ.

ಮರುದಿನ ಅಂಚೆ ಕಚೇರಿ ತೆರೆಯುವವರೆಗೆ ಕಾದು ಆರೂವರೆ ಕಿಲೋ ಪಾರ್ಸೆಲ್ ಮನೆಗೆ ಕಳಿಸಿದೆ. ಹೊರಡುವಾಗ ಬಿಸಿಲು ಏರಿತ್ತು. ಬೈಂದೂರು ದಾಟಿದ ಕೂಡಲೇ ಒತ್ತಿನೆಣೆಯ ಏರು. ಸಣ್ಣ ಗೇರಿನಲ್ಲಿ ಮೆಲ್ಲಗೆ ತುಳಿಯುತ್ತಾ ಇಳಿಯದೆ ಹತ್ತಿದೆ. ಹಿಂದಿನ ದಿನದ ಭಾರದಲ್ಲಿ ಖಂಡಿತ ತಳ್ಳಿಕೊಂಡೇ ಹೋಗಬೇಕಿತ್ತು.

ಅಂಕೋಲಾ ಹತ್ತಿರ ಮತ್ತೆ ತಂತಿ ಚುಚ್ಚಿತು. ಈ ಸಲ ಹುಡುಗ ಸೈಕಲ್ ಹಿಡಿದುಕೊಂಡ, ನಾನು ಹೊಸ ಟ್ಯೂಬ್ ಹಾಕಿದೆ. ಹದಿನೈದು ನಿಮಿಷ. ಕಾರವಾರದ ಲಾಡ್ಜಿನಲ್ಲಿ ಸ್ನಾನದ ಬಕೆಟ್ಟಿಗೆ ನೀರು ತುಂಬಿ, ತೂತಾದ ಟ್ಯೂಬನ್ನು ಸ್ವಲ್ಪ ಸ್ವಲ್ಪವೇ ಮುಳುಗಿಸಿ ನೋಡುತ್ತಿದ್ದೆವು. ಗುಳ್ಳೆ ಎದ್ದ ಜಾಗಕ್ಕೆ ಅವನು ಪೆನ್ನಿನಲ್ಲಿ ಗುರುತು ಹಾಕಿದ. ಆಮೇಲೆ ಉಳಿದ ಚಕ್ಕುಲಿ ಪೊಟ್ಟಣ ಬಿಚ್ಚಿದ.