ಗುಜರಿಯವರು ಒಲ್ಲೆ ಅಂದ ಬೋಟು

ಆಲಮಟ್ಟಿ ಹಿನ್ನೀರಿನ ದಂಡೆಯಲ್ಲಿ ಬೋಟಿಂಗ್ ಗುತ್ತಿಗೆ ಹಿಡಿದವರ ಹತ್ತಿರ ನಾನು ಸೂಪರ್‌ವೈಸರ್. ಬಾಗಲಕೋಟೆಯಿಂದ ದಿನಾ ಬೈಕಿನಲ್ಲಿ ಹೋಗಿ ಬರ್ತೇನೆ. ಎಂಜಿನ್ನು, ಲೈಫ್ ಜಾಕೆಟ್ಟು, ಪೆಟ್ರೋಲ್ ಲೆಕ್ಕ ಎಲ್ಲಾ ಗೊತ್ತಿತ್ತು. ಸತ್ತ ಬೋಟನ್ನು ಮಣ್ಣು ಮಾಡೋದು ಮಾತ್ರ ಗೊತ್ತಿರಲಿಲ್ಲ.

18 ಅಡಿಯ ಫೈಬರ್ ಬೋಟು. ತಳದಲ್ಲಿ ಬಿರುಕು. ಎಂಜಿನ್ ಕೂರಿಸುವ ಕಡೆ ಒಳಗಿನ ಪ್ಲೈವುಡ್ ಕೊಳೆತು ಮೆತ್ತಗಾಗಿತ್ತು. "ಗುಜರಿಗೆ ಹಾಕ್ರಿ, ಬಂದಷ್ಟು ಬರ್ಲಿ" ಅಂದರು ಮಾಲೀಕರು. ಗುಜರಿ ಕಾಕಾ ಬಂದು ಬೆರಳಿನಿಂದ ಬಡಿದು ನೋಡಿದರು. "ಕಬ್ಬಿಣಾನೂ ಅಲ್ಲ, ಪ್ಲಾಸ್ಟಿಕ್ಕೂ ಅಲ್ಲ. ನೀವs ರೊಕ್ಕ ಕೊಟ್ರೂ ನಾ ಒಯ್ಯಂಗಿಲ್ರಿ."

ಅವರ ಮಾತು ಖರೆ. ಫೈಬರ್ ಅಂದರೆ ಗಾಜಿನ ನಾರಿಗೆ ರಾಳ ಹಾಕಿ ಗಟ್ಟಿ ಮಾಡಿದ್ದು. ಆ ರಾಳ ಒಮ್ಮೆ ಗಟ್ಟಿಯಾದರೆ ಮತ್ತೆ ಕರಗುವುದಿಲ್ಲ. ಒಡೆದ ಕೊಡವನ್ನು ಕರಗಿಸಿ ಬಕೆಟ್ ಮಾಡಿದ ಹಾಗೆ ಇದಕ್ಕೆ ಮಾಡಲು ಬರುವುದಿಲ್ಲ. ಜರ್ಮನಿಯಲ್ಲಿ ಇಂಥದ್ದೇ ಫೈಬರಿನ ಹಳೆಯ ಗಾಳಿಯಂತ್ರದ ರೆಕ್ಕೆಗಳನ್ನು ಚೂರು ಮಾಡಿ ಸಿಮೆಂಟ್ ಗೂಡಿಗೆ ಹಾಕುತ್ತಾರೆ. ರಾಳ ಉರಿದು ಶಾಖ ಕೊಡುತ್ತದೆ, ಗಾಜು ಸಿಮೆಂಟಿನಲ್ಲಿ ಸೇರಿಹೋಗುತ್ತದೆ. ನಮ್ಮ ಜಿಲ್ಲೆಯಲ್ಲೂ ಸಿಮೆಂಟ್ ಕಾರ್ಖಾನೆಗಳಿವೆ. ಆದರೆ ಒಂದು ಬೋಟಿಗಾಗಿ ಯಾರು ಗೂಡಿನ ಬಾಗಿಲು ತೆಗೀತಾರೆ?

ಏಪ್ರಿಲ್‌ನಲ್ಲಿ ಹಿನ್ನೀರು ದೂರ ಸರಿದಿತ್ತು. ಬೋಟು ಒಣ ನೆಲದ ಮೇಲೆ ಕೂತಿತ್ತು. ಆಗಲೇ ಮುಗಿಸಬೇಕಿತ್ತು. ಇವತ್ತು, ನಾಳೆ ಅಂತ ಸುಮ್ನೆ ಬಿಟ್ಟೆ. ಜೂನ್‌ನಲ್ಲಿ ಎರಡು ಮಳೆ ಬಿತ್ತು. ಎರೆ ಮಣ್ಣು ಗೊತ್ತಲ್ವಾ, ಕಾಲಿಟ್ಟರೆ ಚಪ್ಪಲಿ ಬಿಡೋದಿಲ್ಲ. ತಂದ ಟ್ರ್ಯಾಕ್ಟರ್ ಹೂತಿತು. ಅದನ್ನು ಎಳೆಯಲು ಜೆಸಿಬಿ ಬಂತು. ಇಡೀ ಕೆಲಸದಲ್ಲಿ ಜಾಸ್ತಿ ಖರ್ಚಾಗಿದ್ದು ಆ ಜೆಸಿಬಿಗೆ. ಬೋಟಿಗಲ್ಲ, ನನ್ನ ಸೋಮಾರಿತನಕ್ಕೆ. ಇನ್ನೂ ಬಿಟ್ಟಿದ್ದರೆ, ಜಲಾಶಯ ಸಮುದ್ರಮಟ್ಟದಿಂದ 519.60 ಮೀಟರಿಗೆ ತುಂಬುವ ಹೊತ್ತಿಗೆ ಅದು ನೀರಲ್ಲಿ ಮುಳುಗಿ ಯಾರದೋ ಬಲೆಗೆ ಸಿಕ್ಕಿರುತ್ತಿತ್ತು.

ನಡುವೆ ಕೇಳಿಕೊಂಡು ಬಂದವರೂ ಇದ್ದರು. ಮೀನು ಹಿಡಿಯುವ ಹುಡುಗನೊಬ್ಬ "ಅಣ್ಣಾ, ನನಗ ಕೊಡ್ರಿ, ಡಾಂಬರ್ ಬಳ್ಕೊಂಡು ನಡಸ್ತೀನಿ" ಅಂದ. ಕೊಡಲಿಲ್ಲ. ನಡುನೀರಿನಲ್ಲಿ ಹಿಂಭಾಗ ಕಿತ್ತು ಬಂದರೆ? ಅವತ್ತೇ ತಳಕ್ಕೆ ದೊಡ್ಡ ತೂತು ಹೊಡೆಸಿದೆ. ಇನ್ನೊಬ್ಬರು ದನಕ್ಕೆ ನೀರಿಡಲು ಅರ್ಧ ಕತ್ತರಿಸಿ ಕೊಡಿ ಅಂದರು. ಕತ್ತರಿಸಿದ ಅಂಚಿನಲ್ಲಿ ಗಾಜಿನ ಎಳೆ ಎದ್ದಿರುತ್ತದೆ, ದನ ನಾಲಿಗೆ ಹಾಕುತ್ತದೆ. ಅದಕ್ಕೂ ಬೇಡ ಅಂದೆ. ಸುಟ್ಟುಬಿಡಿ ಅಂದವರಿಗೆ ಲೆಕ್ಕವೇ ಇಲ್ಲ. ಆ ಕಪ್ಪು ಹೊಗೆ ವಿಷ.

ಕೊನೆಗೆ ಮಾಡಿದ್ದು ಇಷ್ಟು. ಮೊದಲು ಎಂಜಿನ್, ಸ್ಟೇರಿಂಗ್, ಸ್ಟೀಲ್ ರೇಲಿಂಗ್, ಬೋಲ್ಟು ಎಲ್ಲಾ ಬಿಚ್ಚಿದೆವು. ಅದನ್ನು ಅದೇ ಗುಜರಿ ಕಾಕಾ ನಗುತ್ತಾ ಒಯ್ದರು. ಆ ದುಡ್ಡಿನಲ್ಲೇ ಕೂಲಿ ಕೊಟ್ಟೆ. ಆಮೇಲೆ ಒಳಗಿನ ಫೋಮ್ ಕಿತ್ತೆವು. ತೇಲಲಿ ಅಂತ ತುಂಬಿದ್ದು ವರ್ಷಗಟ್ಟಲೆ ನೀರು ಕುಡಿದು ಕಲ್ಲಿನಂತೆ ಭಾರವಾಗಿತ್ತು. ಅದನ್ನು ಬಿಸಿಲಿಗೆ ಒಣಗಿಸಿದ್ದರಿಂದ ತೂಕ ಕಡಿಮೆಯಾಯಿತು. ಇಡೀ ಬೋಟು ಸಾಗಿಸಲು ಲಾರಿ, ಕ್ರೇನ್ ಬೇಕು. ಮೂರಡಿ ತುಂಡು ಮಾಡಿ, ಒಂದರೊಳಗೊಂದು ಜೋಡಿಸಿದರೆ ಒಂದೇ ಟ್ರಾಲಿ ಸಾಕು. ಉಳಿತಾಯ ಇರೋದು ಇಲ್ಲೇ.

ಕತ್ತರಿಸಲು ಗ್ರೈಂಡರ್‌ಗೆ ಡೈಮಂಡ್ ಬ್ಲೇಡ್ ಹಾಕಿದೆವು. ಮೊದಲ ದಿನ ಒಣದಾಗಿಯೇ ಕೊಯ್ದು, ಮುಖಕ್ಕೆ ಬರೀ ಟವೆಲ್ ಸುತ್ತಿಕೊಂಡಿದ್ದೆ. ರಾತ್ರಿಯಿಡೀ ಮೈ ತುರಿಕೆ, ಕುತ್ತಿಗೆಯೆಲ್ಲಾ ಕೆಂಪು. ಹೆಂಡತಿ ನನ್ನ ಬಟ್ಟೆಯನ್ನು ಮನೆ ಬಟ್ಟೆ ಜೊತೆ ನೆನೆಸಿದ್ದಕ್ಕೆ ಮಕ್ಕಳಿಗೂ ತುರಿಕೆ. ಆ ಬೈಗುಳ ಇಲ್ಲಿ ಬರೆಯೋದು ಬೇಡ. ಮಾರನೇ ದಿನ ಎನ್95 ಮಾಸ್ಕು, ಕನ್ನಡಕ, ತುಂಬುತೋಳಿನ ಅಂಗಿ ಹಾಕಿಕೊಂಡೆವು. ಕೈ ಗರಗಸದಿಂದ ಕೊಯ್ದೆವು. ಒಬ್ಬ ನೀರು ಚಿಮುಕಿಸುತ್ತಾ ನಿಂತ, ಧೂಳು ಏಳಲಿಲ್ಲ. ಕರೆಂಟಿನ ಗ್ರೈಂಡರ್‌ಗೆ ಮಾತ್ರ ಹೀಗೆ ನೀರು ಹಾಕಬೇಡಿ. ಕೆಳಗೆ ತಾಡಪತ್ರಿ ಹಾಸಿ, ಬಿದ್ದ ಪುಡಿಯನ್ನೂ ಚೀಲಕ್ಕೆ ತುಂಬಿದೆವು. ಇಲ್ಲದಿದ್ದರೆ ಅದು ಮಳೆಗೆ ನೇರ ಕೃಷ್ಣೆಗೆ.

ತುಂಡುಗಳು ಕಸ ವಿಲೇವಾರಿ ಜಾಗಕ್ಕೆ ಹೋದವು. ಮುಂಚೆಯೇ ಹೋಗಿ ಫೋಟೋ ತೋರಿಸಿ, ಹೂಂ ಅನ್ನಿಸಿಕೊಂಡಿದ್ದೆ. ಟ್ರಾಲಿ ಗೇಟಿಂದ ವಾಪಸ್ ಬಂದರೆ ಎರಡು ಸಲ ಬಾಡಿಗೆ.

ಶೆಡ್ಡಿನ ಹಿಂದೆ ಇನ್ನೊಂದು ಬೋಟು ಬಿರುಕು ಬಿಡುತ್ತಿದೆ. ಡೈರಿಯಲ್ಲಿ ಏಪ್ರಿಲ್ ಮೊದಲ ವಾರಕ್ಕೆ ಬರೆದಿಟ್ಟಿದ್ದೇನೆ, ಕೆಂಪು ಪೆನ್ನಿನಲ್ಲಿ.